ಜಗಲಿಯಲ್ಲಿ ಹೇಳಿದ ಅರ್ಥ

ಸಾಗರ
3-9-1964

ಮೇಳಿಗೆಯ ಭಾವಯ್ಯನವರಿಗೆ ಅಂಜನಪ್ಪನ ನಮಸ್ಕಾರ.

ಏಡನ್ನಿಗೆ ಹೋಗುವ ಹಡಗಿನ ಟಿಕೆಟ್ಟು ತಲುಪಿತು. ನಾನು ಕೇಳುವ ಮೊದಲೇ ಕಳಿಸಿದ್ದೀರಿ. "ಜೈಲು ನಿನ್ ಕೈಲಾಗಲ್ಲ, ಸುಮ್ನೆ ಹೋಗ್ಬಿಡು" ಎಂದು ಹೇಳಿಕಳಿಸಿದ್ದೀರಿ. ಜೈಲೆಂದರೆ ನನಗೆ ಹೆದರಿಕೆ ಹೌದು. ನಿನ್ನೆಯವರೆಗೂ ಹೊರಡುವವನೇ ಇದ್ದೆ.

ನಿನ್ನೆ ವಕೀಲರು ಫಿರ್ಯಾದು ಓದಿ ಹೇಳಿದರು. ಹೊಸನಗರದ ತಾಳಮದ್ದಲೆಯಲ್ಲಿ ರಾಯಭಾರಿಯ ಪಾತ್ರಕ್ಕೆ ಅರ್ಥ ಹೇಳುತ್ತಾ ನಾನು ಅಣೆಕಟ್ಟು ಕಟ್ಟಿಸಿದ ಮಂತ್ರಿಗಳನ್ನು "ಊರು ಮುಳುಗಿಸಿ ದೀಪ ಹಚ್ಚುವ ಕಳ್ಳ" ಎಂದು ನಿಂದಿಸಿದೆನಂತೆ. ಮಾತು ನನ್ನದೇ. ಆದರೆ ಅಂದು ಎದುರು ಅರ್ಥಧಾರಿ ಬೇಗ ಸೋತು ಸುಮ್ಮನಾದ್ದರಿಂದ ಅದನ್ನು ಆಡುವ ಸಂದರ್ಭವೇ ಬರಲಿಲ್ಲ. ಹಿಂದಿನ ದಿನ ನಿಮ್ಮ ಜಗಲಿಯಲ್ಲಿ ಕೂತು ಅಭ್ಯಾಸ ಮಾಡುವಾಗ ಆಡಿದ್ದೆ. ಕೇಳಿದವರು ನೀವೊಬ್ಬರೇ. "ಭಾಳ ಚೆನ್ನಾಗಿದೆ ಮಾರಾಯ, ಇನ್ನೊಂದ್ಸಲ ಹೇಳು" ಅಂದಿರಿ. ಹೇಳಿದೆ.

ಟಿಕೆಟ್ಟನ್ನು ಇದರೊಳಗೇ ಇಟ್ಟಿದ್ದೇನೆ. ಸೋಮವಾರ ನಾನೇ ಪೊಲೀಸ್ ಸ್ಟೇಷನ್ನಿಗೆ ಹೋಗಿ ಹಾಜರಾಗುತ್ತೇನೆ. ಜೈಲಿನಲ್ಲಿ ಚಳಿಯಂತೆ, ಅಕ್ಕನ ಹತ್ತಿರವಿರುವ ನನ್ನ ಕಂಬಳಿ ಕಳಿಸಿಕೊಡಿ. ಈ ಕಾಗದವನ್ನು ಅವಳಿಗೆ ಓದಿ ಹೇಳಬೇಡಿ.

ವಿಚಾರಣೆಗೆ ಮಾತ್ರ ನೀವು ಬರಲೇಬೇಕು ಭಾವಯ್ಯ. ಆ ಮಾತನ್ನು ನಾನು ಎಲ್ಲಿ ಆಡಿದೆ ಎಂಬುದಕ್ಕೆ ನಿಮ್ಮನ್ನು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ.

ಇತಿ ನಿಮ್ಮ ಭಾವಮೈದ,
ಅಂಜನಪ್ಪ