ಲೀಗಿಗಿಂತ ಮೇಲೋ ಕೆಳಗೋ

ಪ್ರೀತಿಯ ಮಾವ,

ನಿಮ್ಮ ಬ್ಯಾಟ್ಸ್‌ಮನ್ ಮೊನ್ನೆ ಕೊನೆಯ ಪಂದ್ಯ ಆಡಿದ. ಅವನು ಆಟ ಬಿಟ್ಟ ದಿನವೇ ನಮ್ಮ ವಾದ ತೀರ್ಮಾನವಾಗಬೇಕು ಎಂದಿದ್ದಿರಿ. ಆ ದಿನ ಬಂತು, ನೀವಿಲ್ಲ. ಇದನ್ನು ಯಾರಿಗೆ ಹೇಳಲಿ?

ನೀವು ಧಾರವಾಡದಿಂದ ಅಮೆರಿಕಕ್ಕೆ ಬಂದ ಮೊದಲ ವಾರ ನೆನಪಿದೆಯೇ? ಮುಕಿಲ್ಟಿಯೊದ ನಮ್ಮ ಮನೆಯ ಟೀವಿಯಲ್ಲಿ ಬೇಸ್‌ಬಾಲ್ ಬರುತ್ತಿತ್ತು. ಪರದೆಯ ಮೇಲೆ ಈ ಬ್ಯಾಟ್ಸ್‌ಮನ್ನನ ಸರಾಸರಿ ಇನ್ನೂರ ಚಿಲ್ಲರೆ ಎಂದು ಕಂಡದ್ದೇ ನೀವು ಎದ್ದು ನಿಂತಿರಿ. "ಸುಮಾ, ಇಂವಾ ಮನಷ್ಯಾ ಹೌದೋ ಅಲ್ಲೋ? ಪ್ರತಿ ಸಲ ಇನ್ನೂರು ಹೊಡಿತಾನ?" ಅದು ಕ್ರಿಕೆಟ್ಟಿನ ಸರಾಸರಿಯಲ್ಲ, ಸಾವಿರ ಸಲ ಬ್ಯಾಟ್ ಹಿಡಿದರೆ ಅಷ್ಟು ಸಲ ಹೊಡೆತ ಕೂಡಿದೆ ಎಂದು ಅರ್ಥ ಅಂತ ವಿವರಿಸಿದೆ. "ಮತ್ತ ಇದಕ್ಕ ಪಗಾರ ಬ್ಯಾರೆ ಕೊಡ್ತಾರ?" ಎಂದು ಕೂತಿರಿ.

ಆದರೂ ಅವನನ್ನೇ ಹಿಡಿದುಕೊಂಡಿರಿ. ದಿನಾ ಬೆಳಿಗ್ಗೆ ನಾನು ಕಂಪ್ಯೂಟರ್ ತೆರೆದು ಅವನ ಇಡೀ ವೃತ್ತಿಯ ಸರಾಸರಿಯನ್ನೂ ಅದರ ಕೆಳಗೆ ಅದೇ ವರ್ಷಗಳ ಲೀಗಿನ, ಅಂದರೆ ಎಲ್ಲ ಆಟಗಾರರ, ಸರಾಸರಿಯನ್ನೂ ಓದಬೇಕು, ನೀವು ಚಹಾ ಹಿಡಿದು ಕೇಳಬೇಕು. ವಿಮಾನದ ಕಾರ್ಖಾನೆಯಲ್ಲಿ ಅಳತೆ ಪರೀಕ್ಷಿಸುವವಳು ನಾನು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬಿಡುವುದಿಲ್ಲ. "ಲೀಗಿಗಿಂತ ಕಮ್ಮಿ ಮಾವ. ಕಮ್ಮಿ ಅಂದ್ರೆ ಕಮ್ಮೀನೇ" ಅನ್ನುತ್ತಿದ್ದೆ. ನಾಲ್ಕು ಕೆಟ್ಟ ಚೆಂಡು ಬಿಟ್ಟು ಅವನು ಮೊದಲ ಬೇಸ್‌ಗೆ, ಓಟದ ಮೊದಲ ನಿಲ್ದಾಣಕ್ಕೆ, ನಡೆದು ಹೋದದ್ದು ಆ ಸರಾಸರಿಗೆ ಸೇರುವುದೇ ಇಲ್ಲ ಎಂದು ತಿಳಿದಾಗ ನಿಮಗೆ ಬಂದ ಸಿಟ್ಟು... ಭಾನುವಾರಗಳಂದು ಧಾರವಾಡದ ಮೈದಾನದ ಮರದಡಿ ಕೂತು ಕ್ರಿಕೆಟ್ ಕ್ಲಬ್ ಪಂದ್ಯಗಳ ಸ್ಕೋರ್ ಬರೆದವರಲ್ಲವೇ ನೀವು? "ಬಾಲ್ ಬಿಡೂದೂ ಬ್ಯಾಟಿಂಗ್‌ನಾಗ ಬರ್ತದವಾ. ಬೀಸವ್ರು ಸಾಕಷ್ಟ್ ಮಂದಿ ಇರ್ತಾರ." ಹಾಗೆ ನಡೆದು ಹೋದದ್ದನ್ನೂ ಸೇರಿಸಿ ಬೇಸ್ ತಲುಪಿದ ಲೆಕ್ಕದ ಬೇರೆ ಕಾಲಮ್ಮು ತೋರಿಸಿದೆ. ಅದರಲ್ಲಿ ಅವನು ಲೀಗಿಗಿಂತ ತುಸು ಮೇಲಿದ್ದ. ಕೊನೆಯವರೆಗೆ ಅಲ್ಲೇ ಉಳಿದರೆ ನೀವು ಗೆದ್ದಂತೆ, ಜಾರಿದರೆ ನಾನು ಎಂದು ಆಯಿತು.

ಆಗಸ್ಟಿನ ಆ ಬೆಳಿಗ್ಗೆ ಚಹಾ ತಂದಾಗ ನೀವು ಸೋಫಾದ ಮೇಲೆ ಒರಗಿದ್ದಿರಿ. ನಿದ್ದೆ ಅಂದುಕೊಂಡೆ. ಡಾಕ್ಟರು ಹೃದಯ ನಿಂತಿದೆ ಎಂದರು. ಆಮೇಲಿನದೆಲ್ಲ ನಾನೇ ಮಾಡಿದೆ: ಧಾರವಾಡಕ್ಕೆ ಫೋನು, ಬಂದವರಿಗೆ ಅನ್ನ ಸಾರು. ಸೋಮವಾರ ಕೆಲಸಕ್ಕೂ ಹೋದೆ. ಹಲ್ಲಿನ ಡಾಕ್ಟರು ಸೂಜಿ ಹಾಕಿದ ಮೇಲೆ ದವಡೆ ಇರುತ್ತದಲ್ಲ, ಹಾಗಿದ್ದೇನೆ. ನಿಮ್ಮ ಮಗ ಗಿರೀಶ್ ಕೂಡ ಅಳಲಿಲ್ಲ. ನಿಮ್ಮ ಹೆಸರೇ ಎತ್ತಲಿಲ್ಲ. ಬೇಸ್‌ಬಾಲ್ ಬಂದರೆ ಚಾನೆಲ್ ಬದಲಿಸುತ್ತಿದ್ದರು. ನಾನು ಮಾತ್ರ ಬೆಳಿಗ್ಗೆ ಆ ಎರಡು ಸಾಲು ನೋಡುವುದನ್ನು ಬಿಡಲಿಲ್ಲ. ಯಾಕೆ ಎಂದು ಕೇಳಿದ್ದರೆ ಏನು ಹೇಳುತ್ತಿದ್ದೆನೋ...

ಮೊನ್ನೆಯ ಪಂದ್ಯದ ಮರುದಿನ ಕೊನೆಯ ಅಂಕಿ ಬಂತು. ನೋಡಿದವಳೇ ಅಭ್ಯಾಸಬಲದಿಂದ ಜೋರಾಗಿ ಕೂಗಿಬಿಟ್ಟೆ: "ಮಾವ, ಬನ್ನಿ, ಬಂತು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಗಿರೀಶ್ ಬಂದು ನಿಮ್ಮ ಜಾಗದಲ್ಲಿ ಕೂತರು. ನನ್ನ ಜೊತೆ ಯಾವತ್ತೂ ಬೆಂಗಳೂರಿನ ಕನ್ನಡ ಆಡುವವರು, "ಎಷ್ಟಾತು? ಅಪ್ಪಗ ಹೇಳತಿದ್ದ್ಯಲ್ಲ, ಹಂಗ ಹೇಳು" ಅಂದರು.

ಹೇಳಿದೆ. ಹೊಡೆತದ ಸರಾಸರಿಯಲ್ಲಿ ಲೀಗಿಗಿಂತ ಕೆಳಗೆ. ಬೇಸ್ ತಲುಪಿದ ಲೆಕ್ಕದಲ್ಲಿ ಮೇಲೆ, ಕೂದಲೆಳೆಯಷ್ಟು.

"ಹಂಗಾರ ಅಪ್ಪ ಗೆದ್ದ" ಅಂದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ನೀವು ಗೆದ್ದಿರಿ, ಮಾವ. ನಿಮ್ಮ ಮಗ ಕೊನೆಗೂ ಅತ್ತರು. ನನಗೆ ಇನ್ನೂ ಅಳು ಬಂದಿಲ್ಲ.

ಸುಮಾ