ನಾನು ಬರೆಯದ ಕ್ಷಮಾಪಣೆ

ಭಾನುವಾರ, ಸೆಪ್ಟೆಂಬರ್ ೮

ಮುದ್ದು ಪುಟ್ಟೀ,

ನಿನ್ನ ಕಾಗದ ಬಂದು ತಿಂಗಳು ಕಳೆಯಿತು. ಅಕ್ಕನಿಗೆ ಕೊಬ್ಬು ಅಂದುಕೊಂಡಿರುತ್ತೀಯ. ಅಂದುಕೋ, ಎರಡು ಬೈದೂ ಬಿಡು. ನಿನಗೆ ಟೀಚರ್ ಕೆಲಸ ಸಿಕ್ಕಿತು ಅಂತ ಓದಿ ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ ಕಣೇ. "ನಿನ್ನ ಹಾಗೆ ನಾನೂ ಮಕ್ಕಳ ಕೈಲಿ ಬ್ಲಾಗ್ ಬರೆಸಬೇಕು, ಹೇಗೆ ಅಂತ ಹೇಳು" ಅಂತ ನೀನು ಕೇಳಿದ್ದೆ. ಹೇಳುತ್ತೇನೆ. ಆದರೆ ಹೇಗೆ ಅನ್ನುವುದರ ಜೊತೆಗೆ ಆಮೇಲೆ ಏನಾಯಿತು ಅನ್ನುವುದನ್ನೂ ಕೇಳಿಸಿಕೊಳ್ಳಬೇಕು.

ನನ್ನ ಒಂಬತ್ತನೇ ತರಗತಿಯ ಮಕ್ಕಳ ಪ್ರಬಂಧಗಳು ಗೊತ್ತಲ್ಲ, ಎಲ್ಲಾ ಗೈಡಿನ ಕೂಸುಗಳು. 'ನಮ್ಮ ಶಾಲೆ' ಬಗ್ಗೆ ಬರೆಯಿರಿ ಅಂದರೆ ಎಲ್ಲರ ಶಾಲೆಯ ಮುಂದೂ ಒಂದೇ ಹೂದೋಟ. ನಮ್ಮಲ್ಲಿ ಹೂವಿರಲಿ, ಹುಲ್ಲೂ ಇಲ್ಲ. ಓದುವವಳು ನಾನೊಬ್ಬಳೇ, ಅದೂ ಕೆಂಪು ಪೆನ್ನು ಹಿಡಿದು. ಆ ಮಕ್ಕಳಿಗೆ ನಿಜ ಬರೆಯುವ ದರ್ದಾದರೂ ಏನು? ಅದಕ್ಕೇ ಬ್ಲಾಗ್ ತೆರೆದೆ. ಕಣ್ಣಾರೆ ಕಂಡದ್ದನ್ನೇ ಬರೆಯಬೇಕು. ಸ್ವಂತ ಹೆಸರು ಬೇಡ, ಅಡ್ಡಹೆಸರು ಸಾಕು. ಪ್ರಕಟಿಸುವ ಮೊದಲು ಪಕ್ಕದವರು ಓದಿ ಒಂದು ಪ್ರಶ್ನೆ ಕೇಳಬೇಕು, ಅದಕ್ಕೆ ಉತ್ತರ ಬರಹದೊಳಗೇ ಸಿಗಬೇಕು.

ಜೀವ ಇರುವುದು ಆ ಪ್ರಶ್ನೆಯಲ್ಲೇ. 'ಬಸ್ಸು' ಅಂತ ಹೆಸರಿಟ್ಟುಕೊಂಡ ಹುಡುಗ ಕಂಡಕ್ಟರ್ ಕೆಲಸದ ತನ್ನ ತಾಯಿಯ ಬಗ್ಗೆ ಬರೆದು "ನನ್ನ ಅಮ್ಮ ದೇವತೆ" ಅಂತ ಮುಗಿಸಿದ್ದ. "ದೇವತೆಗೆ ಕಾಲು ನೋಯಲ್ವಾ?" ಅಂದಳು ಪಕ್ಕದವಳು. ಮಾರನೇ ದಿನ ಬೇರೆಯೇ ಬರೆದು ತಂದ: ಅಮ್ಮ ಊದಿದ ಪಾದಗಳನ್ನು ಬಿಸಿನೀರಲ್ಲಿ ಇಟ್ಟುಕೊಂಡು, ಕೂತಲ್ಲೇ ತೂಕಡಿಸುತ್ತಾ "ಟಿಕೆಟ್, ಟಿಕೆಟ್" ಅಂತ ಗೊಣಗುವುದನ್ನು. ನಾನು ಬೋರ್ಡಿನ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಹಿಂದಿನ ಬೆಂಚಿನಲ್ಲಿ ಒಬ್ಬಳಿದ್ದಾಳೆ, ಹಾಜರಿ ಕೂಗಿದರೂ ಬರೀ ಕೈ ಎತ್ತುವವಳು. 'ಮೌನಿ' ಅಂತ ತಾನೇ ಹೆಸರಿಟ್ಟುಕೊಂಡಳು. ಅವಳ ಬರಹಕ್ಕೆ ತಲೆಬರಹ: 'ನಾನು ಶಾಲೆಯಲ್ಲಿ ನೀರು ಕುಡಿಯುವುದಿಲ್ಲ'. ಹುಡುಗಿಯರ ಟಾಯ್ಲೆಟ್ಟಿನ ಬಾಗಿಲಿಗೆ ಚಿಲಕವಿಲ್ಲ. ಗೆಳತಿ ಹೊರಗಿನಿಂದ ಬಾಗಿಲು ಎಳೆದು ಹಿಡಿದು ನಿಲ್ಲಬೇಕು. ಆ ಗೆಳತಿ ರಜಾ ಹಾಕಿದರೆ ಬೆಳಿಗ್ಗೆಯಿಂದ ಸಂಜೆವರೆಗೆ ನಾಲಗೆ ಒಣಗಿಸಿಕೊಂಡು ಕೂರಬೇಕು. ಅಷ್ಟೇ ಬರೆದಿದ್ದಳು, ದೂರಿಲ್ಲ, ಬೈಗುಳವಿಲ್ಲ. ಕೆಳಗೆ ಒಂದೊಂದಾಗಿ ಪ್ರತಿಕ್ರಿಯೆಗಳು ಬಂದವು: "ನಾನೂ", "ನಾನೂ", "ನನ್ನ ಮಗಳೂ". ನಮ್ಮಲ್ಲೇ ಓದಿ ಈಗ ತಾಯಿಯಾದವಳೊಬ್ಬಳು, "ಆ ಚಿಲಕ ಇನ್ನೂ ಬಂದಿಲ್ವಾ?" ಅಂತ ಕೇಳಿದ್ದಳು.

ಮುಖ್ಯೋಪಾಧ್ಯಾಯರು ಕರೆಸಿದರು. "ಮೇಡಂ, ಬ್ಲಾಗ್ ಅಂದ್ರೆ ಕಥೆ, ಕವನ ಅಂದ್ಕೊಂಡಿದ್ದೆ. ಇದೇನಿದು ಕಕ್ಕಸು ಪುರಾಣ?"

"ಬಾಗಿಲಿಗೆ ಚಿಲಕ ಹಾಕ್ಸಿ ಸರ್, ಪುರಾಣ ತಾನಾಗೇ ಮುಗಿಯುತ್ತೆ."

ಪಕ್ಕದಲ್ಲಿ ಆಡಳಿತ ಮಂಡಳಿಯ ಕಾರ್ಯದರ್ಶಿ ಕೂತಿದ್ದರು. "ಮನೆ ಮಾತು ಬೀದಿಗೆ ತಂದಿದ್ದೀರಿ. ಅದನ್ನ ತೆಗೀರಿ. ಹುಡುಗಿ ಇಲ್ಲದ್ದು ಬರೆದಿದ್ದಾಳೆ ಅಂತ ನಿಮ್ಮ ಹೆಸರಲ್ಲಿ ಕ್ಷಮೆ ಕೇಳಿ. ಇಲ್ದಿದ್ರೆ ನಿಮ್ಮ ದಾರಿ ನಿಮಗೆ."

"ಸುಳ್ಳಿಗೆ ಕ್ಷಮೆ ಕೇಳಬಹುದು ಸರ್. ನಿಜಕ್ಕೆ ಹೇಗೆ ಕೇಳೋದು ಅಂತ ನೀವೇ ಬರೆದು ತೋರ್ಸಿ" ಅಂದು ಎದ್ದು ಬಂದೆ. ಕಾಲು ನಡುಗುತ್ತಿತ್ತು, ನಿನ್ನ ಹತ್ತಿರ ಮುಚ್ಚಿಡುವುದೇನು. ಮನೆಯಲ್ಲೂ ಅದನ್ನೇ ಹೇಳಿದೆ: ತಲೆ ಹೋದರೂ ಬರೆಯುವವಳಲ್ಲ.

ಮಾರನೇ ಬೆಳಿಗ್ಗೆ ತರಗತಿಯಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಎದ್ದು ನಿಂತವಳು ಮೌನಿ. ಅವಳ ದನಿ ಕೇಳಿದ್ದು ಅದೇ ಮೊದಲು.

"ಮಿಸ್, ನಾನು ಸುಳ್ಳು ಬರೆದ್ನಾ?"

ನನಗೆ ತಲೆಬುಡ ತಿಳಿಯಲಿಲ್ಲ. ಬ್ಲಾಗ್ ತೆರೆದರೆ ಅವಳ ಬರಹ ಮಾಯ. ಆ ಜಾಗದಲ್ಲಿ ನನ್ನ ಹೆಸರು ಹೊತ್ತ ಕ್ಷಮಾಪಣೆ: ವಿದ್ಯಾರ್ಥಿನಿ ಇಲ್ಲದ್ದನ್ನು ಬರೆದಿದ್ದಾಳೆ, ಪರಿಶೀಲಿಸದೆ ಪ್ರಕಟಿಸಿದ್ದಕ್ಕೆ ವಿಷಾದಿಸುತ್ತೇನೆ.

ಮೈಯೆಲ್ಲ ಉರಿದುಹೋಯಿತು, ಪುಟ್ಟಿ. ಪ್ರೊಜೆಕ್ಟರ್ ಹಚ್ಚಿ, ಮಕ್ಕಳೆಲ್ಲ ಗೋಡೆಯ ಮೇಲೆ ನೋಡುತ್ತಿರುವಾಗಲೇ ಅದನ್ನು ಅಳಿಸಿದೆ. ಪುಣ್ಯಕ್ಕೆ ಅವಳ ಬರಹವನ್ನು ಕರಡುಗಳ ಜೊತೆ ಬಚ್ಚಿಟ್ಟಿದ್ದರು, ಮತ್ತೆ ಹೊರತಂದೆ. ಕೆಳಗೆ ಬರೆದೆ: "ಕ್ಷಮೆ ಕೇಳಿದ್ದು ನಾನಲ್ಲ. ಈ ಹುಡುಗಿ ಬರೆದ ಒಂದೊಂದು ಅಕ್ಷರವೂ ನಿಜ. ಅನುಮಾನವಿದ್ದವರು ಬಂದು ಬಾಗಿಲು ನೋಡಿ."

ಬಂದರು! ಮಧ್ಯಾಹ್ನದ ಹೊತ್ತಿಗೆ ಗೇಟಿನ ತುಂಬ ತಾಯಂದಿರು. ಎಲ್ಲರಿಗಿಂತ ಮುಂದೆ ಆ ಕಂಡಕ್ಟರಮ್ಮ, ಯೂನಿಫಾರಂನಲ್ಲೇ. "ಹೀಗೆಲ್ಲ ಒಳಗೆ ಬಿಡೋಕಾಗಲ್ಲ" ಅಂದ ಮುಖ್ಯೋಪಾಧ್ಯಾಯರಿಗೆ, "ದಾರೀಲಿ ನಿಲ್ಬೇಡಿ ಸಾರ್, ಸ್ವಲ್ಪ ಒಳಗೆ ನಡೀರಿ, ಹಿಂದೆ ಜನ ಇದ್ದಾರೆ" ಅಂದರು.

ಸಂಜೆಯೇ ಬಡಗಿ ಬಂದ. ಚಿಲಕ ಬಂತು, ನನ್ನ ಒಂಬತ್ತನೇ ತರಗತಿ ಹೋಯಿತು. ಈಗ ಸಾಮಾನಿನ ಕೋಣೆಯಲ್ಲಿ ಹರಿದ ಭೂಪಟಗಳ ಧೂಳು ಹೊಡೆಯುತ್ತಾ ಕೂತಿದ್ದೇನೆ. ಶಿಸ್ತುಕ್ರಮವಂತೆ. ಆಗಲಿ, ಭೂಪಟ ಅಂಟಿಸುವುದನ್ನೂ ಕಲಿತೆ. ಮಕ್ಕಳಿಗೆ ಕಂಪ್ಯೂಟರ್ ಕೋಣೆಯ ಬಾಗಿಲು ಮುಚ್ಚಿದರು. ಅವು ಹಾಳೆಯಲ್ಲಿ ಬರೆದು ನನ್ನ ಕಿಟಕಿಯೊಳಗೆ ತೂರಿಸುತ್ತವೆ, ನಾನು ಟೈಪ್ ಮಾಡಿ ಹಾಕುತ್ತೇನೆ. ಪ್ರಶ್ನೆ ಕೇಳುವುದನ್ನು ಯಾರೂ ಬಿಟ್ಟಿಲ್ಲ. ಮೌನಿಯ ಪ್ರಶ್ನೆಗಳಿಗಂತೂ ಉಳಿದವರು ಹೆದರುತ್ತಾರಂತೆ.

ನೀನೂ ಶುರು ಮಾಡು. ಮೇಲಿನವರು ಬೆದರಿಸಿದರೆ ಕಾಲು ನಡುಗಲಿ, ನಾಲಗೆ ನಡುಗದಿದ್ದರೆ ಸಾಕು. ನಿನ್ನ ತರಗತಿ ಗಿಜಿಗುಡುತ್ತಿರಲಿ, ನೂರ್ಕಾಲ ಮಕ್ಕಳಿಗೆ ಬೇಕಾದವಳಾಗಿ ಬಾಳು, ನನ್ನ ಕಂದ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ಕ್ಷಮಾಪಣೆ ಶಾಲೆಯವರು ಹಾಕಿದ್ದಲ್ಲ. ಪಾಸ್‌ವರ್ಡ್ ಗೊತ್ತಿದ್ದದ್ದು ನನಗೆ, ಮತ್ತೆ ಬ್ಲಾಗ್ ಮಾಡಿಕೊಟ್ಟ ನಿನ್ನ ಭಾವನಿಗೆ. ಕೇಳಿದರೆ, "ನಿನಗೆ ಹಟ. ನಿನ್ನ ಕೆಲಸ ಉಳೀಲಿ ಅಂತ ಮಾಡ್ದೆ" ಅಂದರು, ತಟ್ಟೆಯಿಂದ ತಲೆ ಎತ್ತದೆ. ನನ್ನನ್ನು ಸುಟ್ಟದ್ದು ಯಾವುದು ಗೊತ್ತಾ? ಅದು ಥೇಟ್ ನನ್ನ ಹಾಗೇ ಇತ್ತು. ನನ್ನ ಪದಗಳು, ನನ್ನ ಧಾಟಿ. ಮಕ್ಕಳು ನಂಬಿದ್ದೇ ಅದಕ್ಕೆ. ನನ್ನ ಮಾತಿನ ರೀತಿಯನ್ನು ಅಷ್ಟು ಬಲ್ಲ ಮನುಷ್ಯನಿಗೆ ನನ್ನ ಮಾತೇ ಕಿವಿಗೆ ಬಿದ್ದಿರಲಿಲ್ಲ. ಪಾಸ್‌ವರ್ಡ್ ಬದಲಾಯಿಸಿದೆ, ಅವರೆದುರೇ ಕೂತು. ಇನ್ನೇನು ಬದಲಾಯಿತು ಅಂತ ಅವರೂ ಕೇಳಿಲ್ಲ, ನಾನೂ ಹೇಳಿಲ್ಲ.