ಚರಗಕ್ಕೆ ಗೇಟು ಹಾಕಿದ ಕಡಲ ಉದ್ಯಾನ

ಕಡಲತೀರ ಉದ್ಯಾನದ ಮುಖ್ಯ ಅಧಿಕಾರಿಗಳೇ,

ನಾನು ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟವನು. ಇದನ್ನು ಇಷ್ಟು ವರ್ಷ ಮುಚ್ಚಿಟ್ಟಿದ್ದೆ. ಯಾರಾದರೂ ಕೇಳಿದರೆ ಮಾತು ತಿರುಗಿಸುತ್ತಿದ್ದೆ. ಈಗ ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಹೇಳುತ್ತೇನೆ, ಏಕೆಂದರೆ ಅಷ್ಟೇ ಓದಿದವನಿಗೂ ನಿಮ್ಮ ಗೇಟಿನ ಮೇಲಿನ ‘ಸಾರ್ವಜನಿಕ’ ಎಂಬ ಅಕ್ಷರಗಳು ಅರ್ಥವಾದವು. ಪದವಿ ಪಡೆದ ನಿಮಗೆ ಆಗಲಿಲ್ಲವಲ್ಲ! ಸೀಗಿ ಹುಣ್ಣಿಮೆಯ ದಿನ ನಮ್ಮ ಅತ್ತೆ ಗೌರಕ್ಕನನ್ನು ಆ ಗೇಟಿನಿಂದಲೇ ವಾಪಸು ಕಳಿಸಿದಿರಿ.

ಅವಳ ಗಂಡ ಮಡಿವಾಳಪ್ಪ ಮಾಮಾ, ಆ ಜಾಗ ಸೇನೆಯ ಕೈಯಲ್ಲಿದ್ದಾಗ ಅಲ್ಲಿ ಅಡುಗೆ ಮಾಡುತ್ತಿದ್ದ. ಅಡುಗೆಮನೆಯ ಹಿಂದಿನ ಉಸುಕಿಗೆ ಗೊಬ್ಬರ ಹೊತ್ತು ಹಾಕಿ ಬದನೆ, ಮೆಣಸಿನಕಾಯಿ ಬೆಳೆದ. ಅವರ ಊರು ಗರಗದಲ್ಲಿ ಅವರಿಗೆ ಗೇಣು ಹೊಲವಿಲ್ಲ. ಹುಣ್ಣಿಮೆಗೆ ಊರೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ, ಅಂದರೆ ಮೊದಲ ತುತ್ತನ್ನು ಭೂಮಿಗೆ ಉಣಿಸುವಾಗ, ಅತ್ತೆ ಮತ್ತೊಬ್ಬರ ಬದುವಿನಲ್ಲಿ ನಿಲ್ಲುತ್ತಿದ್ದಳು. ಮಾಮಾ ತೀರಿಕೊಂಡ. ಸೇನೆ ಜಾಗ ಬಿಟ್ಟಿತು. ನೀವು ಉದ್ಯಾನ ಮಾಡಿದಿರಿ. ಅವನು ದುಡಿದ ನೆಲಕ್ಕೆ ಒಮ್ಮೆಯಾದರೂ ಚರಗ ಚೆಲ್ಲಬೇಕೆಂದು ಅವಳು ಕಡುಬು, ಪಲ್ಯ ಕಟ್ಟಿಕೊಂಡು ನನ್ನ ಜೊತೆ ಬಂದಳು.

ನಿಮ್ಮ ಕಾವಲುಗಾರ, “ತಿಂಡಿಗಿಂಡಿ ಉಂಟಾ?” ಎಂದ. ನಮ್ಮ ಮುಂದಿನವರು ಚೀಲ ಬೆನ್ನಿಗೆ ಸರಿಸಿ, ಇಲ್ಲವೆಂದು ಒಳಗೆ ಹೋದರು. ನಾನು, “ಐತ್ರಿ, ಬುತ್ತಿ ಐತಿ,” ಎಂದೆ.

“ಹೊರಗಿನ ತಿಂಡಿ ಬಿಡೂದಿಲ್ಲ.”

“ತಿನ್ನಾಕಲ್ರಿ ಸಾಹೇಬ್ರ, ನೆಲಕ್ಕ ಚೆಲ್ಲಾಕ್ರಿ,” ಎಂದಳು ಅತ್ತೆ.

“ಚೆಲ್ಲಿದ್ರೆ ದಂಡ!”

ಅತ್ತೆ ನನ್ನತ್ತ ತಿರುಗಿ, “ಸಾಲಿ ಬಿಟ್ಟಿ, ಖರೇ ಹೇಳೂದೊಂದು ಬಿಡವಲ್ಲಿ ನೋಡು, ಭಾಡ್ಯಾ!” ಎಂದು ಬೈದಳು. ಬುತ್ತಿ ಗಂಟನ್ನು ಮಡಿಲಲ್ಲಿಟ್ಟುಕೊಂಡೇ ಬಸ್ಸಿನಲ್ಲಿ ಊರಿಗೆ ಮರಳಿದಳು.

ಗೇಟಿನಿಂದಲೇ ಕಾಣುತ್ತಿತ್ತು, ಒಳಗೆ ನಿಮ್ಮ ಗುತ್ತಿಗೆದಾರನ ಅಂಗಡಿಯ ಚಿಪ್ಸ್ ಪೊಟ್ಟಣಗಳು ಗಾಳಿಗೆ ಹಾರಿ ಕಡಲಿಗೆ ಬೀಳುತ್ತಿದ್ದವು. ಅದು ಸ್ವಚ್ಛತೆ, ಅತ್ತೆಯ ಕಡುಬು ಕಸ. ಎಂಥ ಸೂಕ್ಷ್ಮ ದೃಷ್ಟಿ ನಿಮ್ಮದು! ಜೋಳದ ಹಿಟ್ಟು ಬಿದ್ದರೆ ನಿಮ್ಮ ಯಾವ ಹುಲ್ಲುಹಾಸು ಸಾಯುತ್ತದೆ? ಸೇನೆಯಿದ್ದಾಗ ಅತ್ತೆ ಗಂಡನನ್ನು ಬೇಲಿಯ ಹೊರಗೇ ಕಂಡು ಬರುತ್ತಿದ್ದಳು, ಬೇಸರಪಟ್ಟಿರಲಿಲ್ಲ. ಬಂದೂಕು ಹಿಡಿದವರು ‘ಜಾಗ ನಿಮ್ಮದಲ್ಲ’ ಎಂದು ನಮಗೆ ನೇರವಾಗಿ ಹೇಳಿದ್ದರು. ನೀವು ‘ಜಾಗ ನಿಮ್ಮದೇ’ ಎಂದು ನಮ್ಮನ್ನು ಕರೆದು ಹೊರಗೆ ಹಾಕುತ್ತೀರಿ. ನನ್ನ ದೂರಿಗೆ ‘ಪರಿಶೀಲನೆಯಲ್ಲಿದೆ’ ಎಂದು ಉತ್ತರಿಸಿದಿರಿ. ಏನನ್ನು ಪರಿಶೀಲಿಸುತ್ತಿದ್ದೀರಿ, ಕಡುಬನ್ನೇ?

ನಾಡಿದ್ದು ಎಳ್ಳಮವಾಸ್ಯೆ. ಅಂದೂ ಚರಗ ಚೆಲ್ಲುತ್ತಾರೆ. ನಿಮ್ಮ ಕ್ಷಮೆ ನಮಗೆ ಬೇಕಿಲ್ಲ. ಅತ್ತೆಯನ್ನು ಬುತ್ತಿ ಸಮೇತ ಒಳಗೆ ಬಿಡಿ. ಹಳೆಯ ಅಡುಗೆಮನೆ ಎಲ್ಲಿತ್ತೆಂದು ತೋರಿಸಲು ಒಬ್ಬರನ್ನು ನಿಲ್ಲಿಸಿ. ಅತ್ತೆ ಈಗ ಎಳ್ಳು ಹುರಿಯುತ್ತಿದ್ದಾಳೆ. ನಾಳೆ ಬೆಳಗಿನ ಬಸ್ಸಿಗೆ ನಾವಿಬ್ಬರೂ ಹೊರಡುತ್ತೇವೆ.

ಇಂತಿ,
ಬುತ್ತಿ ಬಚ್ಚಿಡಲು ಬಾರದ
ಶಿವಯೋಗೀಶ
ಮಾಳಮಡ್ಡಿ, ಧಾರವಾಡ